ರೇಷ್ಮೆ ಕಚೇರಿಯ ಹಿತ್ತಲಲ್ಲಿ ಗಾಲ್ಫ್

ಸರ್ಕಾರಿ ಕಚೇರಿಯಲ್ಲಿ ನಗಿಸಬೇಕೆಂದು ಯಾರೂ ಕಷ್ಟಪಡಬೇಕಿಲ್ಲ. ಎಲ್ಲರೂ ಗಂಭೀರವಾಗಿ ಕೆಲಸ ಮಾಡಿದರೆ ಸಾಕು, ನಗು ತಾನಾಗಿ ಬರುತ್ತದೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಾನು ಚಿಂತಾಮಣಿಯ ರೇಷ್ಮೆ ಕಚೇರಿಯಲ್ಲಿ ಗುಮಾಸ್ತ. ನಮ್ಮ ಇನ್ಸ್‌ಪೆಕ್ಟರ ಹೆಂಡತಿ ಮಕ್ಕಳು ಮೈಸೂರಲ್ಲಿ. ಅಲ್ಲಿಗೆ ವರ್ಗವಾಗಬೇಕೆಂಬುದೊಂದೇ ಅವರ ಜಪ. ಬೆಂಗಳೂರಿನ ದೊಡ್ಡ ಸಾಹೇಬರಿಗೆ ಗಾಲ್ಫ್ ಹುಚ್ಚು ಎಂದು ಯಾರೋ ಅವರ ಕಿವಿಗೆ ಹಾಕಿದರು. ಸರಿ, ಕಚೇರಿಯ ಹಿತ್ತಲಲ್ಲಿ ಪುಟಾಣಿ ಗಾಲ್ಫ್ ಮೈದಾನ ಎದ್ದಿತು. ಮುರಿದ ಹುಳುತಟ್ಟೆಗಳ ಬೇಲಿ, ಹಿಪ್ಪುನೇರಳೆ ಕೋಲಿನ ಬ್ಯಾಟು, ಚೆಂಡು ನುಸುಳಲು ಹಳೇ ಗಾಡಿಚಕ್ರ.

ಗೌಡರ ನ್ಯಾಯ

ಕೆಂಚಾರ್ಲಹಳ್ಳಿಯ ಗೌಡರೊಬ್ಬರು ಹುಳುವಿನ ಮೊಟ್ಟೆಗೆಂದು ಬಂದವರು ಆಟಕ್ಕೆ ಸಿಕ್ಕಿಬಿದ್ದರು. ಇನ್ಸ್‌ಪೆಕ್ಟರು ಎರಡೇ ಏಟಿಗೆ ಚೆಂಡನ್ನು ಕುಳಿಗೆ ಹಾಕಿದರು. ಗೌಡರು ಪಂಚೆ ಎತ್ತಿಕಟ್ಟಿ, ಬೆವರು ಸುರಿಸಿ, ಬಡಿದೇ ಬಡಿದರು.

"ನಾನು ಗೆದ್ದೆ" ಎಂದರು ಇನ್ಸ್‌ಪೆಕ್ಟರು.

"ಅದೆಂಗ್ ಸ್ವಾಮಿ? ಮೈಮುರಿದು ಹೊಡೆದೋನು ನಾನು!"

"ಕಮ್ಮಿ ಹೊಡೆದೋರೇ ಗೆಲ್ಲೋದು, ಗೌಡ್ರೇ."

ಗೌಡರು ಕೋಲು ನನ್ನ ಕೈಗಿತ್ತರು. "ಕಮ್ಮಿ ಕೆಲಸ ಮಾಡಿದೋನು ಗೆಲ್ಲೋದಾದ್ರೆ ಇದು ನಿಮ್ ಆಫೀಸ್‌ನೋರ್ ಆಟ ಬಿಡಪ್ಪ. ನಮಗ್ಯಾಕೆ?"

ಹುತ್ತ

ಆಟಕ್ಕೆ ಅಡ್ಡವಾಗಿರಲೆಂದು ಇನ್ಸ್‌ಪೆಕ್ಟರು ಕೆಮ್ಮಣ್ಣಿನ ಗುಡ್ಡೆ ಮಾಡಿಸಿ ಅದರಲ್ಲೊಂದು ತೂತು ಕೊರೆಸಿದರು. ವಾರದೊಳಗೆ ಅದಕ್ಕೆ ಅರಿಶಿನ ಕುಂಕುಮ ಬಿತ್ತು. ಒಂದು ಬೆಳಿಗ್ಗೆ ಹಿಂದಿನ ಬೀದಿಯ ಅಜ್ಜಿ ತೂತಿಗೆ ಹಾಲೆರೆಯುತ್ತಿತ್ತು.

"ಅಜ್ಜಿ, ಅದು ಹುತ್ತ ಅಲ್ಲ, ನಾನೇ ಕಟ್ಟಿಸಿದ್ದು!" ಎಂದು ಇನ್ಸ್‌ಪೆಕ್ಟರು ಓಡಿ ಬಂದರು.

ಅಜ್ಜಿ ಹಾಲು ನಿಲ್ಲಿಸಲಿಲ್ಲ. "ಗೆದ್ದಲು ಕಟ್ಟಿದ್ರೂ ಹಾವಿಗೇ, ಇನ್ಸ್‌ಪೆಕ್ಟ್ರು ಕಟ್ಟಿದ್ರೂ ಹಾವಿಗೇ. ಆತ ಬರ್ತಾನೆ ಬಿಡು ನಾಯನಾ."

ಅಂದಿನಿಂದ ಆ ತೂತಿಗೆ ಹೋದ ಚೆಂಡಿಗೆ ಕೈಹಾಕುವ ಧೈರ್ಯ ಯಾರಿಗೂ ಬರಲಿಲ್ಲ, ಕಟ್ಟಿಸಿದವರಿಗೂ!

ದೊಡ್ಡ ಸಾಹೇಬರು

ಕೊನೆಗೂ ಸಾಹೇಬರು ಬರುವ ದಿನ ಗೊತ್ತಾಯಿತು. ಅವರು ಸೋತರೆ ಮೈಸೂರು ಕೈಬಿಟ್ಟ ಹಾಗೆಯೇ. ಇನ್ಸ್‌ಪೆಕ್ಟರು ಬೀದಿಯ ಮನೆಮನೆ ಸುತ್ತಿ ಒರಳುಕಲ್ಲು ಬೇಡಿ ತಂದು, ಕುಳಿ ಇದ್ದಲ್ಲೆಲ್ಲ ಹೂಳಿಸಿದರು. ಅದರ ಬಾಯಿಗೆ ಚೆಂಡೇನು, ಕುಂಬಳಕಾಯಿಯೂ ಬೀಳುತ್ತಿತ್ತು. ಮರುದಿನ ಬೀದಿಯಲ್ಲಿ ಯಾರ ಮನೆಯಲ್ಲೂ ಇಡ್ಲಿ ಇರಲಿಲ್ಲ.

ಸಾಹೇಬರು ಹೊಡೆದದ್ದೆಲ್ಲ ಬಿತ್ತು. ಅವರ ಮುಖ ಅರಳಿತು. "ಬೆಂಗಳೂರಲ್ಲಿ ಇಷ್ಟು ವರ್ಷ ಆಡಿದೀನಿ, ಹೀಗೆ ಒಂದು ದಿನವೂ ಆಡಿರಲಿಲ್ಲ ಕಣ್ರೀ! ಏನು ಬೇಕು, ಕೇಳಿ."

ಇನ್ಸ್‌ಪೆಕ್ಟರ ಕಣ್ಣು ತುಂಬಿತು. "ಮೈಸೂರಿಗೆ ವರ್ಗ, ಸಾರ್..."

ಸಾಹೇಬರು ಹೆಗಲ ಮೇಲೆ ಕೈಯಿಟ್ಟರು.

"ಛೆ ಛೆ! ಯಾರ್ರೀ ನಿಮ್ಮನ್ನ ಮೈಸೂರಿಗೆ ಎತ್ತಾಕೋಕೆ ಹೊರಟಿರೋದು? ನಾನಿರೋವರೆಗೂ ನಿಮ್ಮನ್ನ ಈ ಚಿಂತಾಮಣಿಯಿಂದ ಯಾರೂ ಅಲ್ಲಾಡಿಸಕ್ಕಾಗಲ್ಲ, ಧೈರ್ಯವಾಗಿರಿ!"