ಎರಡು ಟಗರು, ಒಂದು ನೀರಹಲಗಿ

ಆಟದ ಸಾಮಾನಿನ ಅಂಗಡಿ ಇಟ್ಟಾಂವಗ ನಗೋ ಸಂಗತಿ ಹುಡುಕ್ಕೊಂಡು ಊರ ತಿರಗೋ ಕೆಲಸ ಇಲ್ಲರಿ. ಮುಂಜಾನೆ ಶಟರ್ ಎತ್ತಿ ಊದಿನಕಡ್ಡಿ ಹಚ್ಚಿ ಕುಂತ್ರ ಸಾಕು, ಅವು ತಾವ ಚಪ್ಪಲಿ ಬಿಟ್ಟು ಒಳಗ ಬರತಾವು. ಗೋಕಾಕದ ಪ್ಯಾಟಿಯೊಳಗ ನಮ್ಮಪ್ಪ ಹಾಕಿದ ಅಂಗಡಿ ನಮ್ಮದು. ಕೇರಂ ಬೋರ್ಡು, ವಾಲಿಬಾಲು, ಶೀಲ್ಡು, ಸೀಟಿ, ಎಲ್ಲಾ ಇಡತೀವಿ. ಈಗ ಹುಡುಗ್ರ ಆಟ ಮೊಬೈಲಿನ್ಯಾಗ ಹೊಕ್ಕಾವು. ಅದಕ್ಕ ದೀಪಾವಳಿ ಪೂಜಾ ಮುಗಿಸಿ ಅಂಗಡಿ ಮುಚ್ಚಬೇಕಂತ ನಾನೂ ನನ್ನ ಹೆಂಡ್ತಿನೂ ಕುಂತು ವಿಚಾರ ಮಾಡಿದ್ವಿ. ವಿಚಾರ ಆಕಿ ಮಾಡಿದ್ಲು, ನಾ ಕುಂತಿದ್ದೆ.

ನನಗಿದ್ದದ್ದು ಒಂದ ಆಸೆ. ಅಪ್ಪನ ಮಾತು ಮುರೀದ ಬಾಗಲಾ ಹಾಕಬೇಕು. ಆಂವ ಗಲ್ಲಾದ ಮ್ಯಾಲ ಕುಂತು ನನಗ ಕಲಿಸಿದ್ದು ಇಷ್ಟ: "ಗಿರಾಕಿಗೆ ಇಲ್ಲ ಅನಬ್ಯಾಡ. ಐತ್ರಿ, ನಾಳೆ ಬರ್ರಿ ಅನ್ನು. ನಾಳೆತನಕ ಹುಡುಕು." ಅಪ್ಪನ ಕಾಲದಿಂದ ಇಲ್ಲೀತನಕ ನಮ್ಮ ಅಂಗಡಿಯಾಗ ಯಾರಿಗೂ "ಇಲ್ಲ" ಅಂದದ್ದ ಇಲ್ಲ.

೧. ಅಪ್ಪನ ಭರ್ಚಿ

ನಾ ಇನ್ನೂ ಚೊಣ್ಣ ಹಾಕ್ಕೊಳ್ಳೋ ಕಾಲ. ಮೂಡಲಗಿ ಕಡೆಯ ಹೆಡ್‌ಮಾಸ್ತರೊಬ್ರು ಬಂದು, "ಆಟದ ಸ್ಪರ್ಧೆ ಐತಿ, ಎಸಿಯೋ ಭರ್ಚಿ ಬೇಕು" ಅಂದ್ರು. ಅಪ್ಪ ಜೀವನದಾಗ ಭರ್ಚಿ ನೋಡಿದಾಂವಲ್ಲ. "ಐತ್ರಿ, ನಾಳೆ ಬರ್ರಿ" ಅಂದ. ಅವರು ಹೋದದ್ದ ತಡ, ಕಮ್ಮಾರನ ಕಡೆ ಓಡಿದ. ಕಮ್ಮಾರನೂ ನೋಡಿರಲಿಲ್ಲ. ಇಬ್ರೂ ಕೂಡಿ ವಿಚಾರ ಮಾಡಿ, ಕಬ್ಬಿಣದ್ದೊಂದು ಬಡದು ತಯಾರ ಮಾಡಿದ್ರು. ಅದನ್ನ ಬಸ್ಸಿಗೆ ಏರಿಸಾಕ ಇಬ್ರು ಆಳು ಬೇಕಾದ್ರು.

ವಾರ ಬಿಟ್ಟು ಹೆಡ್‌ಮಾಸ್ತರು ಮತ್ತ ಬಂದ್ರು. ಅಪ್ಪ ಅಂಜಕೋತ ಕೇಳಿದ, "ಹೆಂಗಾತ್ರಿ ಸರ, ದೂರ ಹೋತೇನು?"

"ದೂರೇನ ಹೋಗಲಿಲ್ಲ" ಅಂದ್ರು ಅವರು. "ಆದ್ರ ಆಳ ಭಾಳ ಹೋತು. ಇನ್ನೂ ಅಗಿಯಾಕತ್ತೇವಿ."

ಅಪ್ಪ ಈ ಕಥಿ ಹೇಳಿ ಹೇಳಿ ನಕ್ಕೋತನ ಮುದುಕಾದ. ಆಂವ ಹೋದ ಮ್ಯಾಲ ಈ ಕಥಿ ನಾ ಹೇಳತೇನಿ.

೨. ಟಗರಿನ ಲೆಕ್ಕ

ಈ ವರ್ಷ ಬ್ಯಾಸಗಿ ಮುಗಿಯೋ ಹೊತ್ತಿಗೆ ಒಬ್ಬಾಂವ ಬಂದ. ಹುಕ್ಕೇರಿ ತಾಲೂಕಿನಾಂವ, ಕುರುಬರ ಮನಿತನ. ಹತ್ತು ವರ್ಷ ಗೋವಾದ ಸಮುದ್ರದ ದಂಡಿಮ್ಯಾಲ ದುಡದು ಊರಿಗೆ ತಿರುಗಿ ಬಂದಿದ್ದ. ಕಣ್ಣಿನ ಕರೇ ಚಾಳೀಸು ಹಣಿಮ್ಯಾಲ ಏರಿಸಿ, "ಸ್ಲಾಲಮ್ ವಾಟರ್ ಸ್ಕೀ ಐತೇನ್ರಿ?" ಅಂದ.

ನಾ ಏನ ಅನ್ನಬೇಕು? "ಐತ್ರಿ, ನಾಳೆ ಬರ್ರಿ" ಅಂದೆ. ಆಮ್ಯಾಲ, "ಅದು ಏನಂತ ಒಂದೀಟು ಹೇಳಿ ಹೋಗ್ರಿ" ಅಂದೆ.

ಆಂವ ಹೇಳಿದ. ಮೋಟಾರ್ ಬೋಟಿಗೆ ಉದ್ದಂದೊಂದು ಹಗ್ಗ. ಅದನ್ನ ಹಿಡಕೊಂಡು ನೀರಿನ ಮ್ಯಾಲ ನಿಂತು ಜಾರಕೋತ ಹೋಗೋದು. ಎರಡೂ ಕಾಲು ಒಂದ ಹಲಗಿ ಮ್ಯಾಲ, ಒಂದರ ಹಿಂದ ಒಂದು. ಈ ಹಲಗಿಗೇ ಆ ಹೆಸರು.

"ಬೋಟು?"

"ಬೋಟಿಲ್ಲ. ನಮ್ಮೂರ ಕೆರಿ ಏರಿಮ್ಯಾಲ ನನ್ನ ಕಾಕಾನ ಮಗ ಟ್ರ್ಯಾಕ್ಟರ್ ಹೊಡಿತಾನ, ನಾ ಕೆಳಗ ನೀರಾಗ ಹೋಗತೇನಿ. ಊರ ಮಂದಿಗೆಲ್ಲ ಹೇಳೀನ್ರಿ. ನಮ್ಮವ್ವ ಅಂತೂ ಕಣಗಲಾದ ಬೀಗರಿಗೂ ಹೇಳಿ ಬಂದಾಳ, ನನ್ನ ಮಗ ನೀರ ಮ್ಯಾಲ ನಿಂತು ಓಡತಾನ ಅಂತ."

"ಎಷ್ಟರೊಳಗ ಬೇಕು?"

"ಎರಡು ಟಗರಿನ ರೊಕ್ಕ ತಗದಿಟ್ಟೀನ್ರಿ. ಅಷ್ಟರಾಗ ಬರಬೇಕು."

ಗೋವಾದಾಗ ಇಂಥಾ ಸಾಮಾನು ಮಾರೋ ವ್ಯಾಪಾರಿ ಒಬ್ಬನ್ನ ಹುಡುಕಿ ಫೋನ್ ಹಚ್ಚಿದೆ. ಹೊಸಾದು, ಭಾರೀದು ಅಂತ ಆಂವ ಹೇಳಿದ ರೇಟು ಕೇಳಿ, ಮರುದಿನ ಬಂದ ಗಿರಾಕಿಗೆ ತಿಳಿಸಿದೆ. ಆಂವ ಬೆರಳ ಮಡಚಿ ಲೆಕ್ಕ ಮಾಡಿದ. "ಅಷ್ಟಾದ್ರ ಹಿಂಡ ಪೂರಾ ಹೋಗತೈತ್ರಿ. ನಾಯಿ ಒಂದ ಉಳಿತೈತಿ ನಮಗ."

೩. ಯಾವ ಕಾಲು ಮುಂದ

ವ್ಯಾಪಾರಿ ಶ್ಯಾಣ್ಯಾ. "ಹಳೇದು ಚಲೋದೊಂದು ಐತಿ, ನಿಮ್ಮ ರೊಕ್ಕದಾಗ ಕೂಡತೈತಿ" ಅಂದ. "ಆದ್ರ ಮೂರು ಮಾತು ಹೇಳ್ರಿ. ಗಿರಾಕಿ ತೂಕ ಎಷ್ಟು? ಆಟ ಎಷ್ಟು ಬರತೈತಿ? ಯಾವ ಕಾಲು ಮುಂದ ಇಡತಾನ?"

ತೂಕ ಸಸಾರ ಆತು. ಬಾಜೂಕ ಕರದಂಟಿನ ಅಂಗಡಿ ಐತಿ, ಅಲ್ಲಿ ಬೆಲ್ಲದ ಚೀಲ ತೂಗೋ ಕಾಟಾದ ಮ್ಯಾಲ ನಿಲ್ಲಿಸಿದ್ವಿ. ಆಟ ಎಷ್ಟು ಬರತೈತಿ ಅಂದ್ರ ಎದಿ ಉಬ್ಬಿಸಿ, "ಹತ್ತು ವರ್ಷದ ಅನುಭವ. ನುರಿತಾಂವ ಅಂತ ಬರಸ್ರಿ" ಅಂದ. ಕಾಲಿನ ಮಾತು ಬಂದಾಗ ಮಾತ್ರ ಮಾರಿ ಸಣ್ಣ ಮಾಡಿದ. "ಅದು... ಎಡಾ ಇರಬೇಕು. ಇಲ್ಲಾ ಬಲಾ."

ಫೋನಿನ್ಯಾಗ ವ್ಯಾಪಾರಿ ದಾರಿ ಹೇಳಿದ. "ಗೊತ್ತಾಗಲಾರ್ದಂಗ ಹಿಂದಿನಿಂದ ಮೆಲ್ಲಕ ನೂಕ್ರಿ. ಯಾವ ಕಾಲು ತಾನಾಗಿ ಮುಂದ ಬರತೈತೋ ಅದ ಮುಂದಿನ ಕಾಲು."

ಗಿರಾಕಿನ್ನ ನೂಕಾಕ ನನಗ ಮನಸ್ಸು ಬರಲಿಲ್ಲ. ತೂಕ ನೋಡಿ ನಮ್ಮ ಕೂಡ ಅಂಗಡಿಗೆ ಬಂದಿದ್ದ ಕರದಂಟಿನಾಂವಗ ಕಣ್ಣಸನ್ನಿ ಮಾಡಿದೆ. ಆಂವ ದಿನಾ ಮುಂಜಾನೆ ಅಂಟಿನುಂಡಿ ತಿನ್ನೋ ಆಸಾಮಿ. ಮೆಲ್ಲಕ ಅನ್ನೋದು ಆಂವಗ ಗೊತ್ತಿಲ್ಲ. ಒಂದ ಕೊಟ್ಟ ನೋಡ್ರಿ! ಗಿರಾಕಿಯ ಬಲಗಾಲು ಮುಂದ ಬಂತು. ಎಡಗಾಲು ಶೀಲ್ಡಿನ ಶೋಕೇಸಿನ್ಯಾಗ ಬಂತು.

"ಬಲಗಾಲ್ರಿ!" ಅಂತ ನಾ ಫೋನಿನ್ಯಾಗ ಒದರಿದೆ. ಕರದಂಟಿನಾಂವಗ ಇದು ಭಾಳ ರುಚಿಸ್ತು. ವಾರತನಕ ಪ್ಯಾಟಿಯೊಳಗ ಸಿಕ್ಕಸಿಕ್ಕವರನ್ನ ಹಿಂದಿನಿಂದ ನೂಕಿ, "ನಿಂದು ಎಡಗಾಲು", "ನಿಂದು ಬಲಗಾಲು" ಅಂತ ಹೇಳಕೋತ ತಿರಗಿದ. ಕಡೀಕ ತನ್ನ ಮಾವನ್ನ ನೂಕಿದ ಮ್ಯಾಲ ಬಿಟ್ಟ.

೪. ಇದರ ಜೋಡಿ ಎಲ್ಲಿ?

ಹಲಗಿ ಬಸ್ಸಿನ ಮ್ಯಾಲ ಚಾದರ ಸುತ್ತಕೊಂಡು ಬಂತು. ಅಂಗಡಿ ಕಟ್ಟಿಮ್ಯಾಲ ಬಿಚ್ಚಿ ಇಟ್ಟೆ. ಆಳೆತ್ತರ ಉದ್ದ, ಗೇಣು ಅಗಲ ಇಲ್ಲ. ಮ್ಯಾಲ ರಬ್ಬರಿನ ಎರಡು ಬೂಟು, ಒಂದರ ಹಿಂದ ಒಂದು. ಹತ್ತು ಮಂದಿ ಕೂಡಿದ್ರು. ಒಬ್ಬ ಇಸ್ತ್ರಿ ಮಾಡೋ ಹಲಗಿ ಅಂದ. ಕರದಂಟಿನಾಂವ ಮಾತ್ರ ಕೆಳಗ ಮ್ಯಾಲ ನೋಡಿ ತಲಿಗೆ ಕೈ ಹಚ್ಚಿದ.

"ಮೋಸ ಹೋದಿ ನೀ. ಇದರ ಜೋಡಿ ಎಲ್ಲಿ?"

"ಇದು ಒಂದ ಇರತೈತೋ ಮಾರಾಯಾ."

"ಎರಡು ಕಾಲಿಗೆ ಒಂದ ಚಪ್ಪಲಿ ಯಾರರೆ ಮಾರತಾರೇನು? ಬೇಕಂತ ಒಂದ ಕಳಿಸ್ಯಾನ. ನಾಳೆ ಎರಡನೇದಕ್ಕ ಮತ್ತ ಎರಡು ಟಗರು ಕೇಳತಾನ!"

ನನ್ನ ಹೆಂಡ್ತಿ ಒಳಗಿನಿಂದ ಬಂದು ನೋಡಿದ್ಲು. "ಮುಚ್ಚೋ ಅಂಗಡಿಗೆ ಇದೊಂದು ಕಡಿಮಿ ಇತ್ತು" ಅಂದ್ಲು. ಆದ್ರ ಹೋಗೂಮುಂದ ತನ್ನ ಕಾಲು ಆ ಬೂಟಿನ್ಯಾಗ ಇಟ್ಟು ನೋಡಿ ಹೋದ್ಲು. ನಾ ನೋಡಿಲ್ಲ ಅಂತ ತಿಳಕೊಂಡಾಳ.

೫. ಕೆರಿಯೊಳಗ

ಊರಿಗೆ ತೋರಸೂಕ್ಕಿಂತ ಮೊದಲ ಒಂದ ಸಲ ನೋಡೋಣು ಅಂತ, ಒಂದು ಮುಂಜಾನೆ ನಾನೂ ಆಂವನೂ ಕಾಕಾನ ಮಗನೂ ಕೆರಿಗೆ ಹೋದ್ವಿ. ಗಿರಾಕಿ ಗೋವಾದಿಂದ ತಂದ ಕಿತ್ತಳಿ ಬಣ್ಣದ ಜಾಕೀಟು ಹಾಕ್ಕೊಂಡು ನೀರಿಗಿಳದ. ಟ್ರ್ಯಾಕ್ಟರ್ ಎಳೀತು. ಮೊದಲನೇ ಸಲ ಹಗ್ಗ ಹೋತು, ಆಂವ ಉಳದ. ಎರಡನೇ ಸಲ ಆಂವ ಹೋದ, ಹಲಗಿ ಉಳೀತು. ಮೂರನೇ ಸಲ ಹಗ್ಗ, ಹಲಗಿ, ಆಂವ ಮೂರೂ ಕೂಡೇ ಹೋದ್ರು, ಆದ್ರ ನೀರಿನ ತಳಗ.

ದಂಡಿಗೆ ಬಂದು ಕೆಮ್ಮಕೋತ ಕುಂತ. ನಾ ಬಾಜೂಕ ಹೋಗಿ ಕುಂತೆ. ಅಪ್ಪನ ಅಂಗಡಿಯ ಕಡೀ ದೊಡ್ಡ ವ್ಯಾಪಾರ, ಸಾಮಾನು ಗಿರಾಕಿಗೆ ಹೊಂದಲಿಲ್ಲ ಅಂದ್ರ "ಇಲ್ಲ" ಅಂದದ್ದಕ್ಕಿಂತ ಕೆಟ್ಟದ್ದು.

"ಹತ್ತು ವರ್ಷದ ಅನುಭವ ಅಂದಿದ್ರಿ?"

"ಅನುಭವ ಖರೆ ಐತ್ರಿ" ಅಂದ ತಲಿ ತಗ್ಗಿಸಿ. "ನಾ ಬೋಟ ಹೊಡಿತಿದ್ನಿ. ಮುಂದ ನೋಡಿ ಹೊಡಿಬೇಕಲ್ಲ? ಹಿಂದ ಮಂದಿ ಹೆಂಗ ನಿಂತಾರಂತ ಒಂದ ಸಲಾನೂ ತಿರುಗಿ ನೋಡಾಕ ಆಗಿಲ್ಲ."

ನನಗ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಗು. ಅಲ್ಲೆ ಕುಂತು ವ್ಯಾಪಾರಿಗೆ ಫೋನ್ ಹಚ್ಚಿ ಖರೆ ಸಂಗತಿ ಹೇಳಿದೆ. ಆಂವನೂ ನಕ್ಕ. "ಸಪೂರ ಹಲಗಿ ನುರಿತವರಿಗೆ. ಹೊಸಬರಿಗೆ ಅಗಲಂದು, ಮೆತ್ತಂದು ಬೇಕು. ತಪ್ಪು ಮಾಡಿದ್ರೂ ಅದು ಸಂಭಾಳಿಸಿಕೋತೈತಿ. ನಿಮ್ಮ ಕಡೆ ಇದ್ದದ್ದು ತಿರುಗಿ ಕಳಸ್ರಿ, ಅಗಲಂದು ಕೊಡತೇನಿ. ರೊಕ್ಕಾನೂ ಕಡಿಮಿ."

ಗಿರಾಕಿ ಕಣ್ಣರಳಿಸಿ ಬೆರಳು ಮಡಚಿದ. "ಖರೆ ಹೇಳಿದ್ರ ಅರ್ಧ ಟಗರು ಉಳಿತೈತಲ್ರಿ!"

೬. ಇಳಿಯೋದು

ಅಗಲ ಹಲಗಿ ಬಂತು. ಮೂರು ತಿಂಗಳು ಆಂವ ಮುಂಜಾನೆ ಯಾರೂ ಏಳೂಕ್ಕಿಂತ ಮೊದಲ ಬಿದ್ದು ಬಿದ್ದು ಕಲತ. ದೀಪಾವಳಿಗೆ ವಾರ ಇದ್ದಾಗ ಊರಿಗೆ ಊರ ಕೆರಿ ಏರಿಮ್ಯಾಲ ಕೂಡಿತ್ತು. ಕಣಗಲಾದ ಬೀಗರು, ಕರದಂಟಿನಾಂವ, ಎಲ್ಲಾ. ನನ್ನ ಹೆಂಡ್ತಿ ಅಂಗಡಿಯ ಸೀಟಿ ಕೊಳ್ಳಾಗ ಹಾಕ್ಕೊಂಡು ಬಂದಿದ್ಲು. ಆಕಿ ಊದಿದ್ಲು, ಟ್ರ್ಯಾಕ್ಟರ್ ಎಳೀತು, ಆಂವ ಎದ್ದ! ನೀರಿನ ಮ್ಯಾಲ ನೆಟ್ಟಗ ನಿಂತ! ಏರಿ ಉದ್ದಕ ನೀರ ಸೀಳಕೋತ ಹೊಂಟ. ನನಗ ಕಣ್ಣಾಗ ನೀರು ಬಂತು. "ಅಪ್ಪಾ, ನೋಡೋ" ಅಂದೆ ಬಾಯಿಬಿಟ್ಟು.

ಏರಿ ಮುಗೀತು, ಟ್ರ್ಯಾಕ್ಟರ್ ನಿಂತಿತು. ಆಂವ ನಿಲ್ಲಲಿಲ್ಲ. ಇಷ್ಟು ದಿನ ಬಿದ್ದ ನಿಲ್ಲತಿದ್ದ, ಬೀಳದ ನಿಲ್ಲೋದು ಕಲತಿರಲಿಲ್ಲ. ಸೀದಾ ಹೋಗಿ, ಮೈ ತೊಳಸಾಕ ಬಿಟ್ಟ ಎಮ್ಮಿಗಳ ನಡಬರಕ ಹೊಕ್ಕ. ನೀರು ತಿಳಿ ಆದಾಗ ನೋಡಿದ್ರ ಒಂದು ಎಮ್ಮಿ ಕೊಳ್ಳಾಗ ಜೋತಬಿದ್ದಿದ್ದ. ಎಮ್ಮಿ ಮೆಲಕ ಹಾಕಾಕತ್ತಿತ್ತು.

ಆಂವನ ಅವ್ವ ಸೊಂಟದ ಮ್ಯಾಲ ಕೈ ಇಟ್ಟು ನನ್ನ ಕಡೆ ನೋಡಿದ್ಲು. "ಏರೋದು ಕಲಸ್ಯಾರ, ಇಳಿಯೋದು ಕಲಸಿಲ್ಲೇನು ಆ ಗೋವಾದಾಗ?"

೭. ಕಡೀ ಗಿರಾಕಿ

ಮರುದಿವಸ ಆಕಿ ಹೆಗಲಮ್ಯಾಲ ಕಂಬಳಿ ಹಾಕ್ಕೊಂಡು ನಮ್ಮ ಅಂಗಡಿಗೆ ಬಂದ್ಲು. ನಾ ಕಪಾಟು ಖಾಲಿ ಮಾಡಾಕತ್ತಿದ್ದೆ. ಮಗನ ಸಲುವಾಗಿ ಜಗಳಕ್ಕ ಬಂದಾಳಂತ ಅಂಜಿ ಎದ್ದು ನಿಂತೆ.

"ನನಗೂ ಒಂದು ಬೇಕು" ಅಂದ್ಲು.

"ಏನವ್ವಾ?"

"ಆ ಹಲಗಿ. ಆದ್ರ ನಿಂತು ಹೋಗೋದು ಬ್ಯಾಡ, ಮೊಣಕಾಲ ನೋಯತಾವು. ಕುಂತು ಹೋಗೋದು ಐತೇನು?"

ನಾ ಹೆಂಡ್ತಿ ಮಾರಿ ನೋಡಿದೆ. ಇನ್ನ ವಾರಕ್ಕ ಬಾಗಲಾ ಹಾಕೋರು ನಾವು. ಇಷ್ಟು ವರ್ಷ ಆಡದ ಮಾತು ನಾಲಿಗಿ ತುದಿಗೆ ಬಂತು. ಬಾಯಿ ತಗದೆ. ಅಷ್ಟರಾಗ ನನ್ನ ಹೆಂಡ್ತಿ ನನ್ನ ಕಿವಿಮ್ಯಾಲಿನ ಪೆನ್ಸಿಲ್ ಕಸಗೊಂಡು ಗಲ್ಲಾದ ಮ್ಯಾಲ ಕುಂತ ಬಿಟ್ಲು.

"ಐತವ್ವಾ, ನಾಳೆ ಬಾ" ಅಂದ್ಲು. "ತೂಕ ಎಷ್ಟು ನಿಂದು?"

ನಾ ಖಾಲಿ ಮಾಡಿದ ಕಪಾಟು ನೋಡಕೋತ ನಿಂತೆ. ಮತ್ತ ತುಂಬಬೇಕಲ್ಲ ಅಂತ ಖುಷಿ ಆತು. ಹಂಗ ತಲಿ ಎತ್ತಿದ್ರ, ಕರದಂಟಿನಾಂವ ಯಾವಾಗ ಬಂದಿದ್ದನೋ, ಮುದುಕಿ ಹಿಂದ ಎರಡೂ ಕೈ ಎತ್ತಿ ತಯಾರಾಗಿ ನಿಂತಾನ!

"ಏಯ್, ನೂಕಬ್ಯಾಡೋ ಮಾರಾಯಾ!" ಅಂತ ಚೀರಿದೆ. "ಆಕಿ ಕುಂತು ಹೋಗಾಕಿ!"