ಅತ್ತೆಯ ಹೆಗಲ ಮೇಲಿನ ಕೈ

ಹಲ್ಲಿನ ಡಾಕ್ಟರು ಕಂಪ್ಯೂಟರಿನಲ್ಲಿ ಫೋಟೊ ತಿದ್ದುವುದನ್ನು ಕಲಿತು ಹೆಚ್ಚು ದಿನ ಆಗಿರಲಿಲ್ಲ. ಅಷ್ಟರಲ್ಲೇ ಊಟದ ಮೇಜಿನ ಮುಂದೆ ರಾಜಾಜ್ಞೆ ಹೊರಡಿಸಿದರು.

"ಅತ್ತೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಸ್ಟುಡಿಯೊದವರ ಹಂಗು ಬೇಡ. ಗೋಡೆ ತುಂಬೋ ಫೋಟೊ ನಾನೇ ಮಾಡ್ಕೊಡ್ತೀನಿ."

"ಮಿಕ್ಸೀನೂ ನೀವೇ ರಿಪೇರಿ ಮಾಡಿದ್ರಿ" ಎಂದಳು ಹೆಂಡತಿ.

"ಬಾಯೊಳಗೆ ಕಾಣದ ಮೂಲೇಲಿ ಕೆಲಸ ಮಾಡೋನಿಗೆ ಕಣ್ಣೆದುರು ಇರೋದು ಯಾವ ಲೆಕ್ಕ ಬಿಡೆ."

ಫೋಟೊ ಚೆನ್ನಾಗಿಯೇ ಇತ್ತು. ನಡುವೆ ಕುರ್ಚಿಯಲ್ಲಿ ಅತ್ತೆ, ಸುತ್ತ ಮಕ್ಕಳು ಮೊಮ್ಮಕ್ಕಳು, ಒಂದು ತುದಿಯಲ್ಲಿ ಗಂಭೀರವಾಗಿ ಡಾಕ್ಟರು. ಅತ್ತೆಯ ಹೆಗಲ ಮೇಲೆ ಕೈಯಿಟ್ಟು ಹಿಂದೆ ನಿಂತಿದ್ದ ಭಾವಮೈದುನ ಮಾತ್ರ ಕ್ಲಿಕ್ಕಿಸಿದ ಗಳಿಗೆಗೆ ಸರಿಯಾಗಿ, ಕಿರುನಾಲಗೆ ಕಾಣುವಂತೆ ಆಕಳಿಸಿದ್ದ.

ಅವನು ಬರುವ ಮೊದಲು ತೆಗೆದಿದ್ದ ಫೋಟೊವನ್ನು ಡಾಕ್ಟರು ಕೆಳಗೆ ಹಾಸಿದರು. ಆಕಳಿಕೆಯದನ್ನು ಮೇಲೆ ಹೊದಿಸಿ ಅದಕ್ಕೊಂದು ಲೇಯರ್ ಮಾಸ್ಕ್ ತೊಡಿಸಿದರು. ಮಾಸ್ಕಿನ ಮೇಲೆ ಕಪ್ಪು ಬಳಿದಲ್ಲಿ ಮೇಲಿನ ಚಿತ್ರ ಮರೆಯಾಗಿ ಕೆಳಗಿನದು ಕಾಣುತ್ತದೆ. ಬಿಳಿ ಬಳಿದರೆ ಮರೆಯಾದದ್ದು ಹಾಗೇ ವಾಪಸು.

"ಅಳಿಸೋದಲ್ಲ ಕಣೇ, ಮರೆ ಮಾಡೋದು. ಆಮೇಲೆ ಅವನ ನಗುಮುಖದ ಫೋಟೊ ತಂದು ಕೂರಿಸ್ತೀನಿ."

ತಲೆಯಿಂದ ಶುರುಮಾಡಿ ಭಾವಮೈದುನನ ಮೈಯನ್ನೆಲ್ಲ ಮರೆ ಮಾಡಿದ್ದಾಯಿತು. ಕೈಯೊಂದು ಉಳಿದಿತ್ತು. ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಫೋನು. ಯಾರದೋ ಕೆನ್ನೆ ಊದಿ ಕುಂಬಳಕಾಯಿಯಾಗಿದೆಯಂತೆ. ಡಾಕ್ಟರು ಓಡಿದರು. ಇತ್ತ ಪ್ರಿಂಟಿನವನು ಅವಸರ ಮಾಡಿದ. ಕೆಲಸ ಮುಗಿದಿದೆ ಎಂದುಕೊಂಡ ಹೆಂಡತಿ ಪರದೆಯ ಮೇಲಿದ್ದದ್ದನ್ನೇ ಕಳಿಸಿಬಿಟ್ಟಳು.

ಹುಟ್ಟುಹಬ್ಬದ ದಿನ ಎಲ್ಲರೆದುರು ಫೋಟೊದ ಹೊದಿಕೆ ಸರಿಯಿತು. ಅತ್ತೆಯ ಹಿಂದೆ ಬರೀ ಗೋಡೆ. ಆ ಗೋಡೆಯಿಂದ ಹೊರಟ ಒಂದು ಕೈ ಅವರ ಹೆಗಲ ಮೇಲೆ ಹಾಯಾಗಿ ಕೂತಿತ್ತು.

"ಭಾವ, ನಾನೆಲ್ಲಿ?" ಎಂದ ಭಾವಮೈದುನ.

"ಇದೀಯಪ್ಪ. ಕಾಣ್ತಿಲ್ಲ ಅಷ್ಟೆ."

"ಅಕ್ಕ, ಬ್ಯಾಗ್ ಕೊಡು. ಈ ಮನೇಲಿ ನನ್ನ ಸ್ಥಾನ ಏನೂಂತ ಗೊತ್ತಾಯ್ತು."

ಅತ್ತೆ ಕನ್ನಡಕ ಹಾಕಿಕೊಂಡು ಫೋಟೊದ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

"ಅವರೇ" ಎಂದರು.

"ಯಾರಮ್ಮ?"

"ನಿಮ್ಮಪ್ಪ. ಬದುಕಿದ್ದಾಗಲೂ ಹೀಗೇ. ಫೋಟೊ ಅಂದ್ರೆ ಸಂಕೋಚ. ಒಂದು ಕೈ ಇಟ್ಟು, ಆಚೆ ಸರಿದುಬಿಡೋರು."

"ಅಮ್ಮ, ಅದು ನನ್ನ ಕೈ. ವಾಚು ನೋಡು."

"ಅವರ ವಾಚನ್ನೇ ಅಲ್ವೇನೋ ನೀನು ಕಟ್ಟಿರೋದು?"

ಭಾವಮೈದುನ ಬ್ಯಾಗು ಕೆಳಗಿಟ್ಟ. ಅತ್ತೆಯ ಕಣ್ಣು ತುಂಬಿತ್ತು. ಅವರೆದುರು ಮಾಸ್ಕು, ಕಪ್ಪು, ಬಿಳಿ ಎಂದು ವಿವರಿಸುವ ಧೈರ್ಯ ಡಾಕ್ಟರಿಗೆ ಬರಲಿಲ್ಲ.

ಕೊನೆಗೆ ರಾಜಿಯಾಯಿತು. ಆ ಕೈಯನ್ನು ಯಾರೂ ಮುಟ್ಟಕೂಡದು. ಭಾವಮೈದುನನನ್ನು ಬೇರೆ ಜಾಗದಲ್ಲಿ ನಿಲ್ಲಿಸಬೇಕು, ಅದೂ ಎರಡು ಕೈ ಸಮೇತ. ಆದರೆ ಅವನು ಬಾಯಿ ಮುಚ್ಚಿಕೊಂಡಿದ್ದ ಒಂದೇ ಒಂದು ಫೋಟೊದಲ್ಲಿ ಎಡಗೈ ಚೌಕಟ್ಟಿನಾಚೆ ಹೋಗಿತ್ತು.

"ಈಗ ಎಡಗೈಗೆ ಎಲ್ಲಿಗೆ ಹೋಗ್ಲಿ?" ಎಂದು ಡಾಕ್ಟರು ತಲೆ ಚಚ್ಚಿಕೊಂಡರು.

"ತುದೀಲಿ ನಿಂತಿದೀರಲ್ಲ, ನಿಮ್ಮದೇ ಕೊಡಿ" ಎಂದಳು ಹೆಂಡತಿ. "ಇಷ್ಟು ದಿನ ನನಗೆ ಕೈ ಕೊಟ್ಟಿದ್ದಾಯ್ತು. ನನ್ನ ತಮ್ಮನಿಗೂ ಒಂದು ಕೊಟ್ಟುಬಿಡಿ."

ಡಾಕ್ಟರು ಕೊಟ್ಟರು. ಫೋಟೊದಲ್ಲಿ ತಮ್ಮ ಎಡಭುಜದ ಕೆಳಗೆ ನೀಟಾಗಿ ಗೋಡೆ ಬರಿಸಿದರು. ಹೊಸ ಫೋಟೊ ನೋಡಿ ಭಾವಮೈದುನ ಉಬ್ಬಿಹೋದ. ಅತ್ತೆಯಂತೂ, "ಅಳಿಯಂದ್ರ ಕೆಲಸ ನಾಲ್ಕು ಜನ ನೋಡ್ಲಿ" ಎಂದು ಇನ್ನೊಂದು ಪ್ರತಿ ಮಾಡಿಸಿ, ತಾವೇ ನಿಂತು ಕ್ಲಿನಿಕ್ಕಿನಲ್ಲಿ ತೂಗುಹಾಕಿಸಿದರು.

ಮರುದಿನ ಹಲ್ಲಿನ ಸೆಟ್ ಮಾಡಿಸಲು ಬಂದ ಹಿರಿಯರೊಬ್ಬರು ಫೋಟೊವನ್ನು ನೋಡಿದರು, ಡಾಕ್ಟರನ್ನು ನೋಡಿದರು. ಆಮೇಲೆ ಅವರ ಎಡಗೈಯನ್ನು ಮೆಲ್ಲಗೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ ಪರೀಕ್ಷೆ ಮಾಡಿದರು.

"ಅಸಲಿ ಥರಾನೇ ಇದೆ ಡಾಕ್ಟ್ರೇ" ಎಂದರು ಮೆಚ್ಚಿಕೊಂಡು. "ಯಾರು ಮಾಡಿಕೊಟ್ರು ಹೇಳಿ. ಹಲ್ಲಿನ ಸೆಟ್ಟೂ ಅವರ ಹತ್ರಾನೇ ಮಾಡಿಸಿಕೊಳ್ತೀನಿ."