ಸೋಲಾರ್ ಸಾಹೇಬರಿಗೆ ನನ್ನ ಇಂಗ್ಲಿಷು

ಇಂಗ್ಲಿಷ್ ಕಲಿಸುವುದು ಬೇರೆ, ಇಂಗ್ಲಿಷ್ ಮಾತಾಡುವುದು ಬೇರೆ. ಇಪ್ಪತ್ತು ವರ್ಷ ಬೇವೂರಿನಲ್ಲಿ ಇಂಗ್ಲಿಷ್ ಮಾಸ್ತರನಾಗಿ ನಾನು ಮೊದಲನೆಯದನ್ನಷ್ಟೇ ಮಾಡಿಕೊಂಡು ನೆಮ್ಮದಿಯಿಂದಿದ್ದೆ. ಮಕ್ಕಳ ತಪ್ಪು ತಿದ್ದುವವನ ತಪ್ಪು ತಿದ್ದಲು ಊರಲ್ಲಿ ಯಾರೂ ಇರಲಿಲ್ಲವಲ್ಲ! ಈ ಸುಖಕ್ಕೆ ಕಲ್ಲು ಬಿದ್ದದ್ದು ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ. ಹೊರದೇಶದ ಕಂಪನಿಯೊಂದು ಊರಾಚೆಯ ನಮ್ಮ ಕಲ್ಲುಹೊಲಗಳಲ್ಲಿ ಬಂಡವಾಳ ಹೂಡಿ ಬಿಸಿಲಿನಿಂದ ಕರೆಂಟು ತೆಗೆಯುತ್ತದೆಂದು ಸುದ್ದಿಯಾಯಿತು. ಒಂದು ಮುಂಜಾನೆ ಆ ಕಂಪನಿಯ ಜರ್ಮನ್ ಸಾಹೇಬರೊಬ್ಬರು ಜಮೀನು ಕೊಡಿಸುವ ಏಜೆಂಟನ ಜೊತೆ ಬಂದಿಳಿದೇಬಿಟ್ಟರು. "ನಮ್ಮ ಪರವಾಗಿ ನೀವ ಮಾತಾಡ್ರಿ ಮಾಸ್ತರ" ಎಂದರು ಊರ ಹಿರಿಯರು. ಏಜೆಂಟನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ನನ್ನ ಮೇಲೆ ನನಗೇ ಇರಲಿಲ್ಲ.

ಆ ಹೊಲಗಳ ನಟ್ಟನಡುವಿನ ಆರೆಕರೆ ನಮ್ಮ ಪಕ್ಕದ ಮನೆಯ ಗಂಗವ್ವನದು. ಕುರಿ ಸಾಕಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಗಟ್ಟಿ ಹೆಂಗಸು. ಎಲ್ಲರೂ ಮೊದಲು ಆ ಹೊಲಕ್ಕೇ ಹೋದೆವು. "ಕಂಪನಿ ಖರೀದಿನ ಮಾಡ್ತೈತಿ, ಬ್ಯಾರೆ ಮಾತಿಲ್ಲ" ಎಂದ ಏಜೆಂಟ್. ಗಂಗವ್ವ ಕೆರಳಿದಳು. ಹೊಲ ತವರಿನವರು ಕೊಟ್ಟದ್ದು, ಮಾರುವುದಿಲ್ಲ, ಲೀಜಿಗಾದರೆ ಸೈ, ಕುರಿ ಮೇಯಲೂ ಬಿಡಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ನಾನು ಬೆವರೊರೆಸಿಕೊಂಡು, ಈಕೆ ವಿಚಾರ ಮಾಡುತ್ತಾಳಂತೆ ಎಂದು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ.

"ಏನ್ರಿ ಮಾಸ್ತರ, ನಾ ಅಷ್ಟುದ್ದ ಮಾತಾಡೇನಿ, ನೀವು ಮೂರು ಶಬ್ದದಾಗ ಮುಗಿಸಿದ್ರಿ?"

"ಇಂಗ್ಲಿಷ್ ಭಾಳ ಸಣ್ಣ ಭಾಷಾ ಐತಿ ಗಂಗವ್ವ" ಎಂದೆ.

ಆಕೆ ನನ್ನನ್ನು ಪಕ್ಕಕ್ಕೆ ಸರಿಸಿ, ನಾಲ್ಕು ಉದ್ದನೆಯ ಕಲ್ಲು ನಿಲ್ಲಿಸಿ, ನನ್ನದೇ ಟವೆಲ್ ಕಿತ್ತುಕೊಂಡು ಸೋಲಾರ್ ಹಲಗೆಯ ಹಾಗೆ ಅವುಗಳ ಮೇಲೆ ಹಾಸಿದಳು. ಒಂದು ಕುರಿಮರಿಯನ್ನು ಎತ್ತಿ ತಂದು ಅದರ ಕೆಳಗೆ ಬಿಟ್ಟಳು. ಸೂರ್ಯನನ್ನು ತೋರಿಸಿ, ಸಾಹೇಬರತ್ತ ಕೈಚಾಚಿ, "ಬಿಸಲು ನೀವು ಒಯ್ರಿ" ಎಂದಳು. ನೆಲಕ್ಕೆ ಅಂಗೈ ಬಡಿದು, ಎದೆ ತಟ್ಟಿಕೊಂಡು, "ಹೊಲ ನಂದು!" ಸಾಹೇಬರು ಬಗ್ಗಿ ಟವೆಲಿನ ಕೆಳಗಿನ ಮರಿಯನ್ನು ನೋಡಿ ಹೋ ಎಂದು ನಕ್ಕರು. ಏಜೆಂಟ್ ಬಾಯಿ ತೆರೆಯುವ ಮೊದಲೇ "ಲೀಜ್, ಲೀಜ್" ಎನ್ನುತ್ತ ಆಕೆಗೆ ಕೈಮುಗಿದರು.

ಎರಡು ತಿಂಗಳಲ್ಲಿ ಕಾಗದಪತ್ರ ಆದವು. ಗಂಗವ್ವನ ಹಿಂದೆ ಉಳಿದವರೂ ಲೀಜಿಗೇ ಸಹಿ ಹಾಕಿದರು. ಒಂದು ಗುಂಟೆಯೂ ಮಾರಾಟವಾಗಲಿಲ್ಲ. ಊರು ಕರದಂಟು ಹಂಚಿತು. ನನಗೂ ಶಾಲು ಹೊದಿಸಿದರು, ನಾನೂ ಬೇಡವೆನ್ನಲಿಲ್ಲ. ಸಾಹೇಬರು ಮತ್ತೆ ಬರುತ್ತಾರೆಂದು ಕೇಳಿ, ಇಂಗ್ಲಿಷಿಗೆ ನಾನು ಬೇಕಾದೀತೆಂದು ಇಸ್ತ್ರಿ ಅಂಗಿ ತೊಟ್ಟು ಗಂಗವ್ವನ ಬಾಗಿಲಿಗೆ ಹೋಗಿ ನಿಂತೆ.

"ಬರ್ರಿ ಮಾಸ್ತರ, ಕುಂಡ್ರಿ, ಚಾ ಕುಡೀರಿ" ಎಂದಳು. "ಮಾತಿಗೆ ನಾ ಅದೇನಿ."